ಅಕ್ಕನ ಮಗನ ನೆಲಗಿಡುಗ: ಮನೆ ಗುಂಪಿನಲ್ಲಿ ಎದ್ದ ವಾದ

ಅಕ್ಕನ ಮಗ: ಚಿತ್ರ ಕಳಿಸಿದ್ದೇನೆ, ನೋಡಿ. ನನ್ನ ಕಲ್ಪನೆಯ ಲೋಕದ ಪ್ರಾಣಿ ಇದು. ಗಿಡುಗದ ವಂಶ, ಆದರೆ ಹಾರುವುದಿಲ್ಲ. ಒಂದೂವರೆ ಮೀಟರ್ ಎತ್ತರ. ಹನ್ನೆರಡು ಸೇರಿ ಬೇಟೆಯಾಡುತ್ತವೆ. ಹೆಸರು ನೆಲಗಿಡುಗ.

ಅಣ್ಣ: ಚೆನ್ನಾಗಿ ಬರೆದಿದ್ದೀಯ. ಆದರೆ ಇದು ಆಗುವ ಮಾತಲ್ಲ. ಹಕ್ಕಿ ಹಾರುವುದನ್ನು ಬಿಡುವುದು ಶತ್ರುಗಳೇ ಇಲ್ಲದ ದ್ವೀಪದಲ್ಲಿ. ಡೋಡೋ ಹಾಗೇ ಅಲ್ವಾ?

ನಾನು: ಡೋಡೋ ಒಂದನ್ನೇ ನೋಡಿದರೆ ಹಾಗನ್ನಿಸುತ್ತದೆ. ಆಸ್ಟ್ರಿಚ್ ಇರುವುದು ಸಿಂಹಗಳ ನಡುವೆಯೇ. ಗಂಟೆಗೆ 70 ಕಿಲೋಮೀಟರ್ ಓಡುತ್ತದೆ, ಬದುಕಿದೆ. ದಕ್ಷಿಣ ಅಮೆರಿಕದಲ್ಲಿ ಹಾರಲಾಗದ ಬೇಟೆ ಹಕ್ಕಿಗಳು ಕೋಟಿಗಟ್ಟಲೆ ವರ್ಷ ಇದ್ದವು. ಕೆಲೆಂಕೆನ್ ಅನ್ನೋ ಹಕ್ಕಿಯ ತಲೆಬುರುಡೆಯೇ 71 ಸೆಂಟಿಮೀಟರ್! ಮಾಂಸ ತಿನ್ನುವ ಬೇರೆ ಪ್ರಾಣಿಗಳೂ ಆಗ ಅಲ್ಲೇ ಇದ್ದವು.

ಅಣ್ಣ: ಸರಿ, ಒಪ್ಪಿದೆ. ಆದರೆ ಗುಂಪು? ತೋಳದ ಹಾಗೆ ಕೂಡಿ ಬೇಟೆಯಾಡುವ ಬುದ್ಧಿ ಹಕ್ಕಿಗೆಲ್ಲಿ ಬರಬೇಕು?

ನಾನು: ಈಗಾಗಲೇ ಬಂದಿದೆ ಅಣ್ಣ. ಹ್ಯಾರಿಸ್ ಗಿಡುಗ ಅಂತ ಇದೆ. 1988ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಿಂದ ಅದರ ಬಗ್ಗೆ ಒಂದು ಅಧ್ಯಯನ ಬಂತು. ಐದಾರು ಗಿಡುಗ ಸೇರಿ ಮೊಲ ಹಿಡಿಯುತ್ತವೆ. ಮೊಲ ಪೊದೆಯೊಳಗೆ ನುಗ್ಗಿದರೆ ಒಂದು ಒಳಗೆ ಹೋಗಿ ಎಬ್ಬಿಸುತ್ತದೆ, ಉಳಿದವು ಸುತ್ತ ಕಾಯುತ್ತವೆ. ಹೊರಗೆ ಬಂತೋ, ಎರಗುತ್ತವೆ. ದೊಡ್ಡ ಜಾತಿಯ ಮೊಲವಾದರೆ ಒಂದೊಂದು ಗಿಡುಗಕ್ಕಿಂತಲೂ ಭಾರ ಇರುತ್ತದೆ. ಒಂಟಿಯಾಗಿದ್ದರೆ ಹಿಡಿಯುವುದು ಕಷ್ಟ.

ಚಿಕ್ಕಮ್ಮ: ಅವನಿಷ್ಟು ಆಸೆಯಿಂದ ಬರೆದಿದ್ದಾನೆ. ಸುಮ್ನೆ ತಪ್ಪು ಹುಡುಕಬೇಡಿ ಇಬ್ಬರೂ.

ನಾನು: ಇಷ್ಟವಾಗಿದ್ದಕ್ಕೇ ಚಿಕ್ಕಮ್ಮ ಇಷ್ಟು ಹೇಳುತ್ತಿರುವುದು. ಎರಡು ಕಡೆ ಮಾತ್ರ ತಿದ್ದಬೇಕು ಅನ್ನಿಸುತ್ತದೆ. ಮೊದಲನೆಯದು ಕೊಕ್ಕು. ಚಿತ್ರದಲ್ಲಿ ಬೇಟೆಯ ಕುತ್ತಿಗೆ ಕಚ್ಚಿ ನಾಯಿಯ ಹಾಗೆ ಅತ್ತಿತ್ತ ಜಾಡಿಸುತ್ತಿದೆ. ಆಂಡಲ್‌ಗಲಾರ್ನಿಸ್ ಅನ್ನೋ ಹಳೇ ಬೇಟೆ ಹಕ್ಕಿಯ ಬುರುಡೆ ಎಷ್ಟು ಬಲ ತಡೆಯುತ್ತದೆ ಅಂತ 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದ್ದಾರೆ. ಮೇಲಿಂದ ಕೆಳಗೆ ಹೊಡೆದರೆ ಗಟ್ಟಿ, ಪಕ್ಕಕ್ಕೆ ಜಗ್ಗಿದರೆ ದುರ್ಬಲ. ಅಷ್ಟುದ್ದದ ಕೊಕ್ಕು ಇಟ್ಟುಕೊಂಡು ಜಾಡಿಸಿದರೆ ಬೇಟೆಯ ಬದಲು ಕೊಕ್ಕೇ ಮುರಿಯಬಹುದು. ಕೊಡಲಿಯ ಹಾಗೆ ಒಂದು ಏಟು, ಹಿಂದೆ ಸರಿ, ಮತ್ತೊಂದು ಏಟು. ಹಾಗೆ ಬರೆ. ಆಗ ಗುಂಪಿಗೂ ಅರ್ಥ ಬರುತ್ತದೆ, ಒಂದು ಸರಿದಾಗ ಇನ್ನೊಂದು ಹೊಡೆಯುತ್ತದೆ.

ಅಕ್ಕನ ಮಗ: ಓ, ಇದು ಚೆನ್ನಾಗಿದೆ! ಎರಡನೆಯದು?

ನಾನು: ಗೂಡು. ಅದನ್ನು ನೀನು ಬರೆದೇ ಇಲ್ಲ, ನನಗೆ ಮುಖ್ಯ ಅದೇ. ಹ್ಯಾರಿಸ್ ಗಿಡುಗ ಬರೀ ಬೇಟೆಗೆ ಕೂಡುವುದಿಲ್ಲ, ಮರಿ ಸಾಕುವುದಕ್ಕೂ ಕೂಡುತ್ತದೆ. ಆಫ್ರಿಕಾದ ನೆಲದ ಮೇಲೆ ಓಡಾಡುವ ಮಂಗಟ್ಟೆ ಹಕ್ಕಿಯೂ ಹಾಗೇ. ಗುಂಪಾಗಿ ನಡೆಯುತ್ತಾ ಹಾವು, ಆಮೆ ಹಿಡಿಯುತ್ತವೆ. ಒಂದು ಜೋಡಿ ಮೊಟ್ಟೆ ಇಟ್ಟರೆ ಉಳಿದವು ತಂದು ಉಣಿಸುತ್ತವೆ. ಗಿಡುಗದ ಮರಿಗೆ ಹುಟ್ಟಿದ ತಕ್ಷಣ ಓಡಲು ಬರುವುದಿಲ್ಲ. ನಿನ್ನ ಹಕ್ಕಿಗೆ ಹಾರಲೂ ಬರುವುದಿಲ್ಲ, ಗೂಡು ನೆಲದ ಮೇಲೇ. ವಾರಗಟ್ಟಲೆ ಯಾರಾದರೂ ಕಾಯಲೇಬೇಕು. ದೊಡ್ಡ ಮರಿಗಳು ಮನೆ ಬಿಡದೆ ಕಾವಲಿಗೆ ನಿಂತವು ಅಂದುಕೋ. ಬೇಟೆಯ ಗುಂಪು ಹುಟ್ಟಿದ್ದೇ ಅಲ್ಲಿಂದ. ಅಪ್ಪ, ಅಮ್ಮ, ಹೋದ ವರ್ಷದ ಮಕ್ಕಳು, ಅದರ ಹಿಂದಿನ ವರ್ಷದವು.

ಅಣ್ಣ: ಈಗ ನಂಬುವ ಹಾಗಾಯಿತು. ಆದರೆ ಹನ್ನೆರಡು ಜಾಸ್ತಿ. ಅಷ್ಟು ಬಾಯಿಗೆ ಒಂದು ಜಿಂಕೆ ಎಲ್ಲಿ ಸಾಕಾಗುತ್ತದೆ?

ನಾನು: ಅಣ್ಣ ಹೇಳಿದ್ದು ಸರಿ. ಐದಾರು ಇರಲಿ.

ಅಕ್ಕನ ಮಗ: ಏಳು. ಒಂದು ಗೂಡಿನ ಕಾವಲಿಗೆ ಉಳಿಯುತ್ತದಲ್ಲ.

ಅಣ್ಣ: ಆಯ್ತು, ಏಳು. ಕಾವಲಿಗಿರುವುದು ಯಾವುದು ಅಂತಲೂ ಬರೆ.