ಬಣ್ಣ ಹಚ್ಚಿದ ಎಕ್ಸೋಸೋಮ್ ಎಲ್ಲ ಕೋಶಗಳಲ್ಲೂ ಒಂದೇ ಥರ ಹೊಳೆಯುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ತುಂಗೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಈಗ ಶಿವಮೊಗ್ಗದಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ದಯವಿಟ್ಟು ಗೊತ್ತಿದ್ದವರು ದಾರಿ ತೋರಿಸಿ.

ಕೆಲಸ ಇಷ್ಟು. ಬಾಯಿ ಕ್ಯಾನ್ಸರ್ ಕೋಶಗಳು ಹೊರಗೆ ಬಿಡುವ ಎಕ್ಸೋಸೋಮ್‌ಗಳನ್ನು, ಅಂದರೆ ಕೊಬ್ಬಿನ ಪೊರೆ ಇರುವ ಅತಿ ಸಣ್ಣ ಚೀಲಗಳನ್ನು, ಹಿಡಿದು, ಬಣ್ಣ ಹಚ್ಚಿ, ಮತ್ತೆ ಕೋಶಗಳ ಮೇಲೆ ಬಿಡುವುದು. ಅವು ತಮ್ಮದೇ ಜಾತಿಯ ಕ್ಯಾನ್ಸರ್ ಕೋಶಗಳನ್ನು ಹುಡುಕಿಕೊಂಡು ಹೋದರೆ, ಮುಂದೆ ಎಂದಾದರೂ ಗಡ್ಡೆ ಎಲ್ಲಿದೆ ಅಂತ ತೋರಿಸುವ ಸಣ್ಣ ದೀಪ ಆಗಬಹುದು ಅನ್ನೋದು ಆಸೆ. 30ರಿಂದ 150 ನ್ಯಾನೋಮೀಟರ್ ಗಾತ್ರದ ದೀಪ.

ಈ ವಿಷಯ ತೆಗೆದುಕೊಳ್ಳೋಕೆ ಮನೆಯ ಕಾರಣವೂ ಇದೆ. ನಮ್ಮದು ಅಡಿಕೆ ತೋಟ. ದೊಡ್ಡಪ್ಪ ದಿನಾ ಕವಳ ಹಾಕುತ್ತಿದ್ದರು, ಬಾಯಿ ಕ್ಯಾನ್ಸರ್ ಆಗಿ ತೀರಿಕೊಂಡರು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮೂರಲ್ಲಿ ಈ ಮಾತು ಎತ್ತುವುದೇ ಕಷ್ಟ. ಆದರೆ ಗಡ್ಡೆ ಬೇಗ ಕಂಡರೆ ಜೀವ ಉಳಿಯುತ್ತದೆ, ಅಲ್ವಾ?

ಮಾಡಿದ್ದು ಹೀಗೆ: ಕೋಶ ಬೆಳೆಸಿದ ಪೋಷಕ ದ್ರವ (ಮೀಡಿಯಂ) ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ 300 ಜಿ, 2,000 ಜಿ, 10,000 ಜಿ ಅಂತ (ಜಿ ಅಂದರೆ ಭೂಮಿಯ ಸೆಳೆತದ ಅಷ್ಟು ಪಟ್ಟು) ಹಂತಹಂತವಾಗಿ ತಿರುಗಿಸಿದೆ. 0.22 ಮೈಕ್ರಾನ್ ಫಿಲ್ಟರ್ ಆದ ಮೇಲೆ 1,00,000 ಜಿಯಲ್ಲಿ 70 ನಿಮಿಷ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದು ಇನ್ನೊಂದು ಸಲ ಅಷ್ಟೇ ಹೊತ್ತು. ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎಕ್ಸೋಸೋಮ್‌ನ ಗುರುತುಗಳಾದ ಸಿಡಿ9, ಸಿಡಿ63 ಬಂದಿವೆ, ಕೋಶದ ಒಳಭಾಗದ ಕಲಬೆರಕೆ ತೋರಿಸುವ ಕ್ಯಾಲ್ನೆಕ್ಸಿನ್ ಇಲ್ಲ. ಕಣಗಳ ಗಾತ್ರ ಅಳೆಯುವ ಎನ್‌ಟಿಎಯಲ್ಲಿ 120 ನ್ಯಾನೋಮೀಟರ್ ಹತ್ತಿರ ಶಿಖರ. ಇಲ್ಲಿವರೆಗೂ ಖುಷಿಯಾಗಿದ್ದೆ.

ಆಮೇಲೆ ಪಿಕೆಎಚ್26 ಎಂಬ ಕೆಂಪಗೆ ಹೊಳೆಯುವ ಬಣ್ಣ ಹಾಕಿ 5 ನಿಮಿಷ ಬಿಟ್ಟು, ಬಿಎಸ್‌ಎ ಪ್ರೋಟೀನ್ ಹಾಕಿ ಬಣ್ಣ ಹತ್ತುವುದನ್ನು ನಿಲ್ಲಿಸಿ, ಮತ್ತೆ 1,00,000 ಜಿಯಲ್ಲಿ ತಿರುಗಿಸಿ, ಕೋಶಗಳ ಮೇಲೆ ಹಾಕಿದೆ. 4 ಗಂಟೆ ಬಿಟ್ಟು ನೋಡಿದರೆ ಕ್ಯಾನ್ಸರ್ ಕೋಶದಲ್ಲೂ ಕೆಂಪು ಚುಕ್ಕಿ, ಒಸಡಿನ ಮಾಮೂಲಿ ಕೋಶದಲ್ಲೂ ಅಷ್ಟೇ ಕೆಂಪು ಚುಕ್ಕಿ. ವ್ಯತ್ಯಾಸವೇ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ.

ಕೆಂಪಡಿಕೆ:

ಒಂದೇ ಪ್ರಶ್ನೆ. ಎಕ್ಸೋಸೋಮ್ ಹಾಕದೆ, ಬರೀ ಪಿಬಿಎಸ್‌ಗೆ ಬಣ್ಣ ಹಾಕಿ, ಬಿಎಸ್‌ಎಯಿಂದ ಹಿಡಿದು ಕೊನೆಯ ಸೆಂಟ್ರಿಫ್ಯೂಜ್‌ವರೆಗೆ ಎಲ್ಲ ಹಂತ ಮಾಡಿ, ಅದನ್ನು ಕೋಶದ ಮೇಲೆ ಹಾಕಿ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಬೇರೆ ಏನನ್ನೂ ಮುಟ್ಟಬೇಡಿ, ಮೊದಲು ಅದು ಮಾಡಿ.

ತುಂಗೆದಂಡೆ:

ಮಾಡಿರಲಿಲ್ಲ. ಬಣ್ಣ ಹಾಕದ ಎಕ್ಸೋಸೋಮ್ ಮಾತ್ರ ಕಂಟ್ರೋಲ್ ಆಗಿ ಇಟ್ಟಿದ್ದೆ.

ನಿನ್ನೆ ನೀವು ಹೇಳಿದಂತೆ ಖಾಲಿ ಟ್ಯೂಬ್ ಮಾಡಿದೆ. ಸೆಂಟ್ರಿಫ್ಯೂಜ್‌ನಿಂದ ತೆಗೆದಾಗಲೇ ಎದೆ ಧಸಕ್ಕೆಂದಿತು. ಟ್ಯೂಬಿನ ತಳದಲ್ಲಿ, ಒಂದು ಬದಿಗೆ ಒತ್ತಿಕೊಂಡು, ತಿಳಿ ಗುಲಾಬಿ ಬಣ್ಣದ ಸಣ್ಣ ಕಲೆ. ಒಳಗೆ ಎಕ್ಸೋಸೋಮ್ ಒಂದೂ ಇಲ್ಲ, ಆದರೂ ಪೆಲೆಟ್ ಇದೆ! ಕೋಶದ ಮೇಲೆ ಹಾಕಿದರೆ ಅದೇ ಕೆಂಪು ಚುಕ್ಕಿಗಳು. ಎನ್‌ಟಿಎಯಲ್ಲೂ ಸುಮಾರು ಅದೇ ಗಾತ್ರದ ಕಣಗಳು. ಹಾಗಾದರೆ ಮೂರು ವಾರದಿಂದ ನಾನು ನೋಡುತ್ತಿದ್ದುದು ಏನು?

ಸಾಗರದವ:

ತಂಗೀ, ಬೇಜಾರು ಮಾಡ್ಕೋಬೇಡ. ಈ ಬಣ್ಣದ ಜೊತೆ ಕೆಲಸ ಮಾಡಿದವರು ತುಂಬಾ ಜನ ಇದೇ ಗುಂಡಿಗೆ ಬಿದ್ದಿದ್ದಾರೆ. ನಾನೂ ಬಿದ್ದಿದ್ದೆ.

ನಿಮ್ಮನೆ ಅಡಿಕೆ ಬೇಯಿಸುವ ಹಂಡೆ ನೆನಪು ಮಾಡ್ಕೋ. ಚೊಗರು ಅಡಿಕೆಗೆ ಮಾತ್ರ ಹತ್ತುತ್ತದಾ? ಕೈಗೆ, ಜಾಲರಿಗೆ, ಪಂಚೆಗೆ, ಹಂಡೆಯ ಅಂಚಿಗೆ ಎಲ್ಲಾ ಕಡೆ ಹತ್ತುತ್ತದೆ. ಕೈ ಕೆಂಪಗಿದೆ ಅಂತ ಕೈಯಲ್ಲಿ ಅಡಿಕೆ ಇದೆ ಅನ್ನೋಕಾಗಲ್ಲ. ನಿನ್ನ ಸ್ಲೈಡಿನಲ್ಲಿ ಆಗಿದ್ದು ಅದೇ.

ಪಿಕೆಎಚ್26ಕ್ಕೆ ಉದ್ದನೆಯ ಜಿಡ್ಡಿನ ಬಾಲ ಇದೆ. ಕೊಬ್ಬಿನ ಪೊರೆ ಸಿಕ್ಕರೆ ಅದರೊಳಗೆ ಬಾಲ ತೂರಿಸಿ ಕೂರುತ್ತದೆ. ಪೊರೆ ಸಿಗದಿದ್ದರೆ ಅಂಥ ಅಣುಗಳೇ ಒಂದಕ್ಕೊಂದು ಬಾಲ ಸೇರಿಸಿಕೊಂಡು ಉಂಡೆ ಕಟ್ಟುತ್ತವೆ. ಉಂಡೆಯ ಗಾತ್ರ ಹೆಚ್ಚುಕಡಿಮೆ ಎಕ್ಸೋಸೋಮ್‌ನಷ್ಟೇ. ಅದಕ್ಕೇ ಖಾಲಿ ಟ್ಯೂಬಿನಲ್ಲೂ ನಿನಗೆ ಗುಲಾಬಿ ಪೆಲೆಟ್ ಸಿಕ್ಕಿದ್ದು. ಎನ್‌ಟಿಎ ಯಂತ್ರ ನೋಡುವುದು ಬೆಳಕು ಚದುರಿಸುವ ಕಣ ಹೇಗೆ ಅಲ್ಲಾಡುತ್ತದೆ ಅಂತ ಮಾತ್ರ. ಅದಕ್ಕೆ ಉಂಡೆ ಯಾವುದು, ಎಕ್ಸೋಸೋಮ್ ಯಾವುದು ಗೊತ್ತಾಗಲ್ಲ. ಕೋಶಕ್ಕೂ ಗೊತ್ತಾಗಲ್ಲ, ಎರಡನ್ನೂ ನುಂಗುತ್ತದೆ. ಕ್ಯಾನ್ಸರ್ ಕೋಶ, ಮಾಮೂಲಿ ಕೋಶ ಒಂದೇ ಥರ ಕಂಡದ್ದು ಇದಕ್ಕೇ.

ಇನ್ನೊಂದು ಸಂಗತಿ, ಕಿಟ್ ಜೊತೆ ಬಣ್ಣ ಬೆರೆಸುವ ದ್ರವ ಒಂದು ಡೈಲ್ಯುಯೆಂಟ್ ಸಿ ಅಂತ ಬರುತ್ತದೆ ನೋಡು, ಅದರಲ್ಲಿ ಉಪ್ಪು ಇರುವುದಿಲ್ಲ. ಯಾಕೆ ಅಂದರೆ ಉಪ್ಪು ಇದ್ದರೆ ಬಣ್ಣ ಇನ್ನೂ ಬೇಗ ಉಂಡೆ ಕಟ್ಟುತ್ತದೆ. ನೀನು ಎಕ್ಸೋಸೋಮ್ ಪೂರ್ತಿ ಪಿಬಿಎಸ್‌ನಲ್ಲೇ ಇಟ್ಟು ಅದಕ್ಕೆ ಬಣ್ಣ ಸುರಿದಿದ್ದರೆ ಉಪ್ಪನ್ನು ಕೈಯಾರೆ ಕೊಟ್ಟ ಹಾಗಾಯಿತು.

ಈಗ ಏನು ಮಾಡಬಹುದು? ಬಣ್ಣ ಕಡಿಮೆ ಮಾಡಿ ನೋಡು, ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಹೋಗಲ್ಲ. ಗಾತ್ರ ನೋಡಿ ಬೇರೆ ಮಾಡುವ ಸೆಫರೋಸ್ ಕಾಲಂ ಹಾಕಿದರೂ ಉಂಡೆಗಳು ಎಕ್ಸೋಸೋಮ್ ಜೊತೆಗೇ ಹೊರಬರುತ್ತವೆ, ಗಾತ್ರ ಒಂದೇ ಅಲ್ವಾ. ಸಕ್ಕರೆ ಗ್ರೇಡಿಯೆಂಟ್ ಮಾಡಿದರೆ, ಅಂದರೆ ಬೇರೆ ಬೇರೆ ಸಾಂದ್ರತೆಯ ಸಕ್ಕರೆ ದ್ರಾವಣ ಪದರ ಪದರವಾಗಿ ಹಾಕಿ ತಿರುಗಿಸಿದರೆ, ಎಕ್ಸೋಸೋಮ್‌ಗಳು ಮಿಲಿಲೀಟರಿಗೆ 1.13ರಿಂದ 1.19 ಗ್ರಾಂ ಸಾಂದ್ರತೆಯ ಪದರದಲ್ಲಿ ನಿಲ್ಲುತ್ತವೆ, ಉಂಡೆಗಳನ್ನು ಹೆಚ್ಚಿನ ಮಟ್ಟಿಗೆ ಬೇರೆ ಮಾಡಬಹುದು. ಆದರೆ ಅದಕ್ಕೆ ಒಂದು ಇಡೀ ದಿನ ಬೇಕು, ಸಿಗುವ ಮಾಲೂ ಕಡಿಮೆ.

ನನ್ನ ಕೇಳಿದರೆ ಬಣ್ಣವನ್ನೇ ಬದಲಾಯಿಸು. ಸಿಎಫ್‌ಎಸ್‌ಇ ಜಾತಿಯದ್ದು ತಗೋ. ಅದು ಮೊದಲು ಹೊಳೆಯುವುದೇ ಇಲ್ಲ. ಪೊರೆ ದಾಟಿ ಒಳಗೆ ಹೋಗಿ, ಅಲ್ಲಿನ ಎಸ್ಟರೇಸ್ ಕಿಣ್ವ ಕತ್ತರಿಸಿದ ಮೇಲೆ ಹಸಿರಾಗುತ್ತದೆ, ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಳಿದ ಬಣ್ಣ ಸಣ್ಣ ಅಣು, ಆದ್ದರಿಂದ ಇಲ್ಲಿ ಕಾಲಂ ನಿಜವಾಗಿ ಕೆಲಸ ಮಾಡುತ್ತದೆ. 10 ಮಿಲಿಲೀಟರ್ ಸೆಫರೋಸ್ ಸಿಎಲ್-2ಬಿ ಸಾಕು, ಎಕ್ಸೋಸೋಮ್ ಮೊದಲು ಬರುತ್ತದೆ, ಬಣ್ಣ ತುಂಬಾ ಹಿಂದೆ. ಆ ಉಳಿದ ಬಣ್ಣ ತೆಗೆಯದೆ ಬಿಟ್ಟರೆ ಮಾತ್ರ ಅದು ನೇರ ಕೋಶಕ್ಕೇ ನುಗ್ಗಿ ಇಡೀ ಕೋಶವನ್ನೇ ಹಸಿರು ಮಾಡುತ್ತದೆ, ನೆನಪಿರಲಿ. ಹೊಳಪು ಪಿಕೆಎಚ್‌ಗಿಂತ ಮಂಕು. ಮಂಕಾದರೂ ನಿಜವಾದದ್ದು ಬೇಕು ನಮಗೆ.

ಜೊತೆಗೆ ಒಂದು ತಟ್ಟೆಯನ್ನು 4 ಡಿಗ್ರಿಯಲ್ಲಿ ಇಡು. ಕೋಶ ಶಕ್ತಿ ಖರ್ಚು ಮಾಡಿ ನುಂಗುವ ಕೆಲಸ ಆ ತಂಪಿನಲ್ಲಿ ನಿಲ್ಲುತ್ತದೆ. ಅಲ್ಲೂ ಅಷ್ಟೇ ಹೊಳೆದರೆ ಬಣ್ಣ ಸೋರುತ್ತಿರಬಹುದು, ಇಲ್ಲವೇ ಕೋಶದ ಹೊರಗೆ ಅಂಟಿರಬಹುದು.

ಹೊಸನಗರ_ಮಳೆ:

ಎರಡು ಮಾತು ನಂದೂ ಸೇರಿಸಿಕೊಳ್ಳಿ. ಮೀಡಿಯಂಗೆ ಹಾಕುವ ಸೀರಂ ಯಾವುದು? ಕರುವಿನ ಸೀರಂನಲ್ಲಿ ಕರುವಿನ ಎಕ್ಸೋಸೋಮ್ ರಾಶಿ ಇರುತ್ತದೆ. ಮೊದಲೇ 1,00,000 ಜಿಯಲ್ಲಿ 18 ಗಂಟೆ ತಿರುಗಿಸಿ ಮೇಲಿನದ್ದು ಮಾತ್ರ ಬಳಸಿ, ಇಲ್ಲದಿದ್ದರೆ ನೀವು ಬಣ್ಣ ಹಚ್ಚುತ್ತಿರುವುದರಲ್ಲಿ ಒಂದು ಪಾಲು ಕರುವಿನದ್ದು.

ಮತ್ತೆ ನಮ್ಮ ಮಳೆಗಾಲ ಗೊತ್ತಲ್ಲ. ಕಳೆದ ಆಷಾಢದಲ್ಲಿ ರಾತ್ರಿ ಕರೆಂಟ್ ಹೋಗಿ ಮೈನಸ್ 80 ಫ್ರೀಜರ್ ಬೆಳಿಗ್ಗೆ ನೋಡುವಾಗ ತಣ್ಣೀರಿನಷ್ಟೇ ತಂಪಿತ್ತು. ಆರು ತಿಂಗಳ ಸ್ಯಾಂಪಲ್ ಹೋಯಿತು. ಕರಗಿ ಮತ್ತೆ ಗಟ್ಟಿಯಾದ ಎಕ್ಸೋಸೋಮ್‌ಗಳು ಒಡೆಯುತ್ತವೆ, ಒಂದಕ್ಕೊಂದು ಅಂಟುತ್ತವೆ. ಸಣ್ಣ ಸಣ್ಣ ಪಾಲು ಮಾಡಿ ಇಡಿ, ಒಂದು ಪಾಲನ್ನು ಒಂದೇ ಸಲ ಕರಗಿಸಿ. ಟ್ಯೂಬ್ ಕೂಡ ಪ್ರೋಟೀನ್ ಕಡಿಮೆ ಅಂಟುವ ಜಾತಿಯದ್ದು ಇರಲಿ.

ತುಂಗೆದಂಡೆ:

ಸೀರಂ ವಿಷಯ ಸರಿಯಾಗಿ ಹಿಡಿದಿರಿ, ನಾನು ಮಾಮೂಲಿ ಸೀರಂ ಹಾಕುತ್ತಿದ್ದೆ. ಸಿಎಫ್‌ಎಸ್‌ಇ ತರಿಸಿದ್ದೇನೆ. ಅಣ್ಣಾ, ಇನ್ನೊಂದು ಪ್ರಶ್ನೆ. ಬೆಂಗಳೂರಿನ ಒಂದು ಕಡೆ ಇಲಿಯಲ್ಲಿ ಇಮೇಜಿಂಗ್ ಮಾಡುವ ಅವಕಾಶ ಇದೆ, ಪ್ರಾಣಿ ಪ್ರಯೋಗದ ಅನುಮತಿಯೂ ಆಗಿದೆ. ಡಿಐಆರ್ ಬಣ್ಣ ಹಾಕಿ ಎಂದಿದ್ದಾರೆ. ಈಗಲೇ ಹೋಗಲಾ?

ಸಾಗರದವ:

ಈಗ ಬೇಡ. ಡಿಐಆರ್ ಕೂಡ ಜಿಡ್ಡಿನ ಬಾಲದ್ದೇ, ಇದೇ ಕಥೆ. ಹತ್ತಿರದ ಅವಕೆಂಪು ಬೆಳಕಿನಲ್ಲಿ ಹೊಳೆಯುವುದರಿಂದ ಚರ್ಮದ ಹೊರಗಿಂದ ಕಾಣುತ್ತದೆ, ಅದು ಒಳ್ಳೆಯದು. ಆದರೆ ರಕ್ತಕ್ಕೆ ಬಿಟ್ಟ ಎಕ್ಸೋಸೋಮ್ ಕೆಲವೇ ನಿಮಿಷದಲ್ಲಿ ರಕ್ತದಿಂದ ಹೋಗುತ್ತದೆ, ಬಹುಪಾಲು ಯಕೃತ್ತು, ಗುಲ್ಮ ಸೇರುತ್ತದೆ. ಬಣ್ಣದ ಉಂಡೆಯೂ ಅಲ್ಲಿಗೇ ಹೋಗುತ್ತದೆ! ಮೇಲಿಂದ, ಎಕ್ಸೋಸೋಮ್ ಕರಗಿ ಹೋದ ಮೇಲೂ ಈ ಬಣ್ಣ ವಾರಗಟ್ಟಲೆ ಅಲ್ಲೇ ಇರುತ್ತದೆ. ಖಾಲಿ ಬಣ್ಣ ಕೊಟ್ಟ ಇಲಿ ಪಕ್ಕದಲ್ಲಿ ಇಲ್ಲದಿದ್ದರೆ ಆ ಚಿತ್ರ ಏನನ್ನೂ ಹೇಳಲ್ಲ. ಒಂದು ಜೀವ ಬಳಸುತ್ತೇವೆ ಅಂದ ಮೇಲೆ ತಟ್ಟೆಯ ಮೇಲಿನ ಪ್ರಶ್ನೆ ಮೊದಲು ಮುಗಿಯಲಿ.

ಆಸೆ ಮಾತ್ರ ಬಿಡಬೇಡ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ನೋಡು. ಎಕ್ಸೋಸೋಮ್ ಮೇಲಿನ ಇಂಟೆಗ್ರಿನ್ ಪ್ರೋಟೀನ್ ಆಲ್ಫಾ6ಬೀಟಾ4 ಆಗಿದ್ದರೆ ಶ್ವಾಸಕೋಶಕ್ಕೆ, ಆಲ್ಫಾವಿಬೀಟಾ5 ಆಗಿದ್ದರೆ ಯಕೃತ್ತಿಗೆ ಒಲವು ತೋರಿದವು. ಅವುಗಳಿಗೆ ವಿಳಾಸ ಇದೆ ಅನ್ನೋದು ಸುಳ್ಳಲ್ಲ. ಮುಂದೆ ಸಾಧ್ಯವಾದರೆ ಸಿಡಿ63ಗೆ ಹೊಳೆಯುವ ಪ್ರೋಟೀನ್ ಜೋಡಿಸಿದ ಕೋಶವನ್ನೇ ಬೆಳೆಸು. ಆಗ ಹೊರಗಿಂದ ಬಣ್ಣ ಹಚ್ಚುವ ಗೊಡವೆಯೇ ಇಲ್ಲ.

ತುಂಗೆದಂಡೆ (ನಾಲ್ಕು ವಾರದ ನಂತರ):

ಬರೆಯುವುದು ತಡವಾಯಿತು, ಕ್ಷಮಿಸಿ. ಸೀರಂ ಶುದ್ಧ ಮಾಡಿದೆ, ಸಿಎಫ್‌ಎಸ್‌ಇ ಹಾಕಿದೆ, ಕಾಲಂ ಹಾಕಿದೆ.

ಖಾಲಿ ಟ್ಯೂಬ್ ಹಾಕಿದ ಕೋಶಗಳು ಪೂರ್ತಿ ಕಪ್ಪು. ಕತ್ತಲ ಕೋಣೆಯಲ್ಲಿ ಐದು ನಿಮಿಷ ಆ ಕಪ್ಪನ್ನೇ ನೋಡುತ್ತಾ ಕೂತಿದ್ದೆ, ಅಷ್ಟು ಸಮಾಧಾನ ಆಯಿತು. ಕ್ಯಾನ್ಸರ್ ಕೋಶಗಳಲ್ಲಿ ನ್ಯೂಕ್ಲಿಯಸ್ ಸುತ್ತ ಹಸಿರು ಚುಕ್ಕಿಗಳಿವೆ. ಒಸಡಿನ ಕೋಶಗಳಲ್ಲೂ ಇವೆ, ಆದರೆ ಕಡಿಮೆ. 4 ಡಿಗ್ರಿಯಲ್ಲಿ ಇಟ್ಟದ್ದರಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು. ವ್ಯತ್ಯಾಸ ನಾನು ಅಂದುಕೊಂಡಷ್ಟು ದೊಡ್ಡದಲ್ಲ, ಆದರೆ ಮೂರು ಸಲವೂ ಬಂದಿದೆ.

ಹಳೆಯ ಕೆಂಪು ಚಿತ್ರ ನನ್ನ ಆರು ತಿಂಗಳ ವರದಿಯಲ್ಲಿ ಇತ್ತು. ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ತೆಗೆದುಬಿಡು ಅಂದರು. ತೆಗೆದೆ. ಬೆಂಗಳೂರಿನವರಿಗೆ ಫೋನ್ ಮಾಡಿ ಇಲಿಯ ದಿನಾಂಕ ಮುಂದಕ್ಕೆ ಹಾಕಿಸಿದ್ದೇನೆ, ಖಾಲಿ ಬಣ್ಣದ ಗುಂಪೂ ಬೇಕು ಅಂತ ಹೇಳಿ. ಮುಂದಿನ ವಾರ ಸಕ್ಕರೆ ಗ್ರೇಡಿಯೆಂಟ್ ಮಾಡಲು ಕೂರುತ್ತೇನೆ, ಪದರ ಹಾಕುವಾಗ ಕೈ ನಡುಗದಂತೆ ಏನು ಮಾಡುತ್ತೀರಿ ಅಂತ ಯಾರಾದರೂ ಹೇಳಿ.