220 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನ್ ಸೈಟಿನ ಪಕ್ಕದಲ್ಲಿ: ಬೆಲೆ ಇಳಿದದ್ದಕ್ಕೆ ಪರಿಹಾರ ಸಿಗುತ್ತಾ?

ಪ್ರಶ್ನೆ:
ಗ್ರಾಮ ಪಂಚಾಯ್ತಿ ವ್ಯಾಪ್ತಿಯ 30×40 ಸೈಟು, ಮನೆ ಇದೆ. 40 ಅಡಿಯ ಬದಿ ಲೈನಿಗೆ ಸಮಾನಾಂತರ. ಲೈನಿನ ಮಧ್ಯರೇಖೆಯಿಂದ ಕಾಂಪೌಂಡಿಗೆ 42 ಅಡಿ. ಟವರ್ ನಿಮ್ಮ ಜಾಗದಲ್ಲಿಲ್ಲ, ಏನೂ ಬರಲ್ಲ ಅಂತಾರೆ ಗುತ್ತಿಗೆದಾರರ ಕಡೆಯವರು. ನಿಜವಾ?

ಉತ್ತರ 1:
ಅಲ್ಲ. ಟವರ್ ಬೇರೆ, ಕಾರಿಡಾರ್ (ಲೈನಿನ ಕೆಳಗೆ, ಅಕ್ಕಪಕ್ಕ ಬಿಡಬೇಕಾದ ಜಾಗದ ಪಟ್ಟಿ) ಬೇರೆ. 220 ಕೆವಿಗೆ ಕಾರಿಡಾರ್ 35 ಮೀಟರ್ ಅಗಲ, ಅಂದರೆ ಮಧ್ಯದಿಂದ ಎರಡೂ ಕಡೆ 17.5 ಮೀಟರ್, ಸುಮಾರು 57 ಅಡಿ. ಅದರಲ್ಲಿ 42 ಕಳೆಯಿರಿ: ಸೈಟಿನ 15 ಅಡಿ ಒಳಗೆ ಬಿತ್ತು. 15×40, 600 ಚದರಡಿ.

ಕೇಂದ್ರ ಇಂಧನ ಸಚಿವಾಲಯದ ಜೂನ್ 2024ರ ಮಾರ್ಗಸೂಚಿ ಪ್ರಕಾರ ಟವರ್ ಕಾಲುಗಳ ನಡುವಿನ ಜಾಗಕ್ಕೆ (ಸುತ್ತ 1 ಮೀಟರ್ ಸೇರಿಸಿ) ಜಮೀನಿನ ಬೆಲೆಯ 200%, ಕಾರಿಡಾರಿಗೆ 30%. 2015ರದ್ದರಲ್ಲಿ 85 ಮತ್ತು 15 ಇತ್ತು. ಚದರಡಿಗೆ ₹1,500 ಹಿಡಿದರೆ 9 ಲಕ್ಷಕ್ಕೆ 2.7 ಲಕ್ಷ. ಜಾಗ ನಿಮ್ಮ ಹೆಸರಲ್ಲೇ ಇರುತ್ತೆ, ಕಟ್ಟಡ ಮಾತ್ರ ಏಳುವಂತಿಲ್ಲ. 66 ಕೆವಿಗಿಂತ ಕೆಳಗಿನ ಲೈನುಗಳಿಗೆ ಇದು ಅನ್ವಯಿಸಲ್ಲ. ರಾಜ್ಯ ಸರ್ಕಾರ ಯಾವ ದರ ಅಳವಡಿಸಿಕೊಂಡಿದೆ ಅನ್ನೋ ಆದೇಶದ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಬಾಯಿಮಾತು ನಂಬಬೇಡಿ.

ಉತ್ತರ 2:
ಲೆಕ್ಕ ಸರಿ, ಆದರೆ ಅದು ಆ 600 ಚದರಡಿಗೆ ಮಾತ್ರ. ಉಳಿದರ್ಧ ಸೈಟು ಮತ್ತು ಮನೆಯ ಬೆಲೆ ಕುಸಿದದ್ದು ಮಾರ್ಗಸೂಚಿಯಲ್ಲಿ ಇಲ್ಲ. ಅದಕ್ಕೆ ಟೆಲಿಗ್ರಾಫ್ ಕಾಯ್ದೆ 1885ರ ಕಲಂ 16(3)ರಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬೇಕು. (2023ರ ದೂರಸಂಪರ್ಕ ಕಾಯ್ದೆ ಬಂದರೂ ಪ್ರಸರಣ ಲೈನುಗಳಿಗೆ ಆ ಭಾಗ ಉಳಿದಿದೆ.) ಜಾಗ ಎಲ್ಲಿದೆ, ತಂತಿ ಎಷ್ಟು ದೂರ, ಸಣ್ಣ ತುಂಡಿನ ಮೇಲೆ ಹೋಗುತ್ತಾ ನಟ್ಟನಡುವೆ ಹೋಗುತ್ತಾ ಅನ್ನೋದನ್ನೆಲ್ಲ ನೋಡಿ ಪರಿಹಾರ ನಿಗದಿ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಹೇಳಿದೆ.

ಪ್ರಶ್ನೆ ಕೇಳಿದವರು:
ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಜಮೀನಿನ ದರ ಮಾರುಕಟ್ಟೆಯ ಅರ್ಧವೂ ಇಲ್ಲ. ಕೊಟ್ಟಷ್ಟು ತಗೊಂಡ್ರೆ ಕೇಸು ಬಿದ್ದುಹೋಗುತ್ತಾ?

ಉತ್ತರ 2:
ತಗೊಳ್ಳಿ, ಆದರೆ ರಸೀದಿಯಲ್ಲೇ ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದೆ’ ಅಂತ ಬರೆದು ಸಹಿ ಹಾಕಿ. ‘ಪೂರ್ಣ ಮತ್ತು ಅಂತಿಮ’ ಅನ್ನೋ ಅಚ್ಚು ಹಾಕಿದ ಫಾರಂಗೆ ಸಹಿ ಮಾಡಿದವರೇ ಆಮೇಲೆ ಒದ್ದಾಡೋದು. ಯೋಜನೆ ಸುದ್ದಿಯಾಗುವ ಮೊದಲು ಅಕ್ಕಪಕ್ಕದಲ್ಲಿ ನೋಂದಣಿಯಾದ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ. ಮೌಲ್ಯಮಾಪಕರಿಂದ ಲೈನ್ ಇಲ್ಲದ ಬೆಲೆ, ಲೈನ್ ಇರುವ ಬೆಲೆ ಎರಡನ್ನೂ ಒಂದೇ ವರದಿಯಲ್ಲಿ ಬರೆಸಿ. ಒಂದೇ ಅಂಕಿ ಇದ್ದರೆ ನಷ್ಟ ಎಷ್ಟು ಅಂತ ಸಾಬೀತಾಗಲ್ಲ. ಟೆಲಿಗ್ರಾಫ್ ಕಾಯ್ದೆಯ ಕಲಂ 16(5)ರ ಪ್ರಕಾರ ಜಿಲ್ಲಾ ನ್ಯಾಯಾಧೀಶರ ತೀರ್ಮಾನವೇ ಅಂತಿಮ, ಸಾಮಾನ್ಯ ಮೇಲ್ಮನವಿ ಇಲ್ಲ. ದಾಖಲೆ ಎಲ್ಲ ಅಲ್ಲೇ ಹಾಜರಾಗಬೇಕು.

ಉತ್ತರ 3:
42 ಅಡಿ ಟೇಪಿನ ಅಳತೆಯಾದರೆ ಮೊದಲು ಸರ್ವೆಯರ್ ಕೈಲಿ ನಕ್ಷೆ ಮಾಡಿಸಿ. ಮಧ್ಯರೇಖೆ ಅಂದರೆ ಎರಡು ಟವರ್‌ಗಳ ನಡುಬಿಂದು ಸೇರಿಸುವ ಗೆರೆ, ಹತ್ತಿರದ ತಂತಿ ಅಲ್ಲ. ತಂತಿಯಿಂದ ಅಳೆದಿದ್ದರೆ ನಿಮ್ಮ 15 ಅಡಿ ಕರಗಿಹೋಗುತ್ತೆ. ಸೈಟು ಪೂರ್ತಿ ಕಾರಿಡಾರಿನ ಆಚೆ ಬಿದ್ದರೆ, ಬರೀ ಲೈನ್ ಕಣ್ಣಿಗೆ ಬೀಳುತ್ತೆ ಅನ್ನೋ ಕಾರಣಕ್ಕೆ ವಕೀಲರಿಗೆ ದುಡ್ಡು ಸುರಿಯಬೇಡಿ.