ಪದಚರ್ಚೆ: ಬ್ರೇಕ್ ‘ಹಿಡಿಯುವುದು’, ‘ಹಿಡಿದುಕೊಳ್ಳುವುದು’, ‘ಏರ್ ತೆಗೆಯುವುದು’

ಪ್ರಶ್ನೆ

ಗೆಳೆಯರೇ,

ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಡ್ರಮ್ ಬಿಚ್ಚಿ, ಅದೇ ಕಾರಿನ ನಂತರದ ಮಾದರಿಗಳಲ್ಲಿ ಬಂದ ಡಿಸ್ಕ್ ಬ್ರೇಕ್ ಹಾಕುವ ಕೆಲಸದ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಆಗುತ್ತಿದೆ. ಮನೆಯ ಅಂಗಳದಲ್ಲೇ ಸ್ಪ್ಯಾನರ್ ಹಿಡಿಯುವವರಿಗಾಗಿ. ತಿದ್ದಲು ಬಂದ ಕರಡಿನ ಸಾಲುಗಳು ಹೀಗಿವೆ (ಇಂಗ್ಲಿಷಿನಲ್ಲಿ ಕ್ರಮವಾಗಿ bleed, bind, fade, bed in):

“ಎಲ್ಲ ಬ್ರೇಕ್‌ಗಳನ್ನು ರಕ್ತಸ್ರಾವಗೊಳಿಸಿ.”
“ಬ್ರೇಕ್ ಬಂಧಿಸುತ್ತಿದ್ದರೆ ಪುಷ್‌ರಾಡ್ ಪರೀಕ್ಷಿಸಿ.”
“ಬಿಸಿಯಾದಾಗ ಬ್ರೇಕ್ ಮಸುಕಾಗಬಹುದು.”
“ಹೊಸ ಪ್ಯಾಡ್‌ಗಳಿಗೆ ಹಾಸಿಗೆ ಹಾಸಿ.”

ನಗುವುದು ಸುಲಭ, ತಿದ್ದುವುದು ಕಷ್ಟವಾಗಿದೆ. ನಿಘಂಟು ‘ಗತಿರೋಧಕ’ದಿಂದ ಮುಂದಕ್ಕೆ ಹೋಗುವುದಿಲ್ಲ. ಗ್ಯಾರೇಜಿನವರು ಈ ನಾಲ್ಕಕ್ಕೂ ಏನನ್ನುತ್ತಾರೆ? ‘ಬ್ರೇಕ್ ಆಯಿಲ್’ ಎಂದೇ ಇಡಬಹುದೇ, ‘ಬ್ರೇಕ್ ದ್ರವ’ ಮಾಡಬೇಕೇ? ಕೈಪಿಡಿಯ ಹೆಸರಿನಲ್ಲಿರುವ ‘ಮೇಲ್ದರ್ಜೆಗೇರಿಸುವುದು’ ಸರಿಯೇ?

ಉತ್ತರ 1

ಸರ್, ಮೇಲ್ದರ್ಜೆಗೇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಕಾರಿಗೆ ‘ಡಿಸ್ಕ್ ಹಾಕುವುದು’ ಎಂದರೆ ಮುಗಿಯಿತು.

‘ರಕ್ತಸ್ರಾವ’ದ ಜಾಗದಲ್ಲಿ ‘ಏರ್ ತೆಗೆಯುವುದು’ ಹಾಕಿ. ‘ಬ್ಲೀಡ್ ಮಾಡು’ ಅನ್ನುವವರೂ ಇದ್ದಾರೆ. ಆದರೆ ಹೊರಗೆ ಬರಬೇಕಾದದ್ದು ಗಾಳಿ ಎಂದು ಈ ಮಾತೇ ಹೇಳಿಬಿಡುತ್ತದೆ. ಪೈಪಿನಲ್ಲಿ ಗುಳ್ಳೆ ಉಳಿದರೆ ಪೆಡಲ್ ಒತ್ತಿದ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸಲು ಖರ್ಚಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ.

ಈ ಕೆಲಸಕ್ಕೆ ಇಬ್ಬರು ಬೇಕು, ಅವರ ನಡುವಿನ ಮಾತೂ ಕೈಪಿಡಿಯಲ್ಲಿ ಸ್ಪಷ್ಟವಾಗಿರಬೇಕು. ಚಕ್ರದ ಬಳಿ ಗಾಳಿ ಬಿಡಲೆಂದೇ ಇರುವ ಸಣ್ಣ ತಿರುಪು, ಅಂದರೆ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ. ಒಳಗೆ ಕೂತವರು ಪೆಡಲ್ ನಿಧಾನವಾಗಿ ಒತ್ತಿ ಹಿಡಿಯುತ್ತಾರೆ. ಕೆಳಗಿರುವವರು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತಾರೆ, ಪೆಡಲ್ ಇಳಿಯುತ್ತದೆ, ನಿಪ್ಪಲ್ ಬಿಗಿಯುತ್ತಾರೆ, ಆಮೇಲೆ ಪೆಡಲ್ ಮೇಲಕ್ಕೆ. ನಿಪ್ಪಲ್ ತೆರೆದಿರುವಾಗಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಇಲ್ಲಿ ‘ಬಿಡು’ ಎಂಬ ಮಾತೇ ಅಪಾಯ. ಕೆಳಗಿನವರು “ಬಿಡ್ತೀನಿ” ಅಂದದ್ದು ನಿಪ್ಪಲ್ ಬಗ್ಗೆ, ಮೇಲಿನವರು ಕಾಲು ತೆಗೆಯುತ್ತಾರೆ. ಆದ್ದರಿಂದ ‘ಬಿಡು’ ಪೆಡಲಿಗೆ ಮಾತ್ರ ಮೀಸಲಿಡಿ. ನಿಪ್ಪಲ್‌ಗೆ ‘ಸಡಿಲಿಸಿದೆ’, ‘ಬಿಗಿದೆ’.

ಹಿಂದಿನ ಡ್ರಮ್‌ಗಳ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತುವ ಬಾಗಿದ ಪಟ್ಟಿ) ಅಡ್ಜಸ್ಟ್ ಮಾಡಿಯೇ ಏರ್ ತೆಗೆಯಲು ಕೂರಬೇಕು. ಪೆಡಲಿನ ಒತ್ತಡವನ್ನು ಪಿಸ್ಟನ್ನಿನ ಮೂಲಕ ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು: ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮಾಸ್ಟರ್ ಸಿಲಿಂಡರ್ ಹಳೆಯದಾದರೆ ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಹೋಗದ ಆಳದಲ್ಲಿ ತುಕ್ಕು ಇರುತ್ತದೆ. ಪೆಡಲನ್ನು ನೆಲದವರೆಗೆ ತುಳಿದರೆ ರಬ್ಬರ್ ಕಪ್ ಆ ತುಕ್ಕಿನ ಮೇಲೆ ಹಾದು ಹರಿಯುತ್ತದೆ.

ಎಷ್ಟು ಸಲ ಏರ್ ತೆಗೆದರೂ ಪೆಡಲ್ ಮೆತ್ತಗೇ ಇದೆ ಅಂದರೆ ಮೊದಲು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ನೋಡಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬೋಲ್ಟ್ ಆಗಿಬಿಡುತ್ತದೆ, ಏನೂ ತಕರಾರು ಮಾಡುವುದಿಲ್ಲ. ಆಗ ನಿಪ್ಪಲ್ ಕೆಳತುದಿಗೆ ಬರುತ್ತದೆ, ಗಾಳಿ ಮೇಲೆ ಕೂತಿರುತ್ತದೆ. ‘ನಿಪ್ಪಲ್ ಮೇಲ್ತುದಿಯಲ್ಲಿರಬೇಕು’ ಎಂಬ ಸಾಲು ಕರಡಿನಲ್ಲಿ ಇಲ್ಲದಿದ್ದರೆ ಸೇರಿಸಿ.

ಈಗ ‘ಬಂಧಿಸು’. ಇದರಲ್ಲಿ ಕನ್ನಡ ಕ್ರಿಯಾಪದ ತಾನೇ ದಾರಿ ತೋರಿಸುತ್ತದೆ. ‘ಬ್ರೇಕ್ ಹಿಡಿಯುತ್ತಿಲ್ಲ’ ಅಂದರೆ ಗಾಡಿ ನಿಲ್ಲುತ್ತಿಲ್ಲ. ‘ಬ್ರೇಕ್ ಚೆನ್ನಾಗಿ ಹಿಡೀತಿದೆ’ ಅಂದರೆ ಒಳ್ಳೆಯ ಸುದ್ದಿ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಪೆಡಲ್ ಬಿಟ್ಟ ಮೇಲೂ ಚಕ್ರ ಸಲೀಸಾಗಿ ತಿರುಗುತ್ತಿಲ್ಲ. ವ್ಯತ್ಯಾಸವೆಲ್ಲ ‘ಕೊಳ್ಳು’ವಿನಲ್ಲಿದೆ. ‘ಕಚ್ಚು’ ಕೂಡ ಹೀಗೆಯೇ: ‘ಬ್ರೇಕ್ ಕಚ್ಚುತ್ತೆ’ ಅಂದರೆ ಸ್ವಲ್ಪ ಮುಟ್ಟಿದರೂ ಥಟ್ಟನೆ ಹಿಡಿಯುತ್ತದೆ, ‘ಪಿಸ್ಟನ್ ಕಚ್ಕೊಂಡಿದೆ’ ಅಂದರೆ ತುಕ್ಕಿನಿಂದ ಅಲುಗಾಡುತ್ತಿಲ್ಲ. ಒಂದೇ ಕಡೆಗೆ ಹೋದರೆ ‘ಎಡಕ್ಕೆ ಎಳೆಯುತ್ತೆ’. ಈ ಐದೂ ಮಾತನ್ನು ಕೈಪಿಡಿಯ ಉದ್ದಕ್ಕೂ ಇದೇ ಅರ್ಥದಲ್ಲಿ ಬಳಸಿ. ‘ಹಿಡಿ’ ಬರೆಯಬೇಕಾದಲ್ಲಿ ‘ಹಿಡಿದುಕೊ’ ಬಂದರೆ ಓದುವವರು ಬೇರೆಯದೇ ಭಾಗ ಬಿಚ್ಚುತ್ತಾರೆ.

ಡ್ರಮ್ಮಿನಿಂದ ಡಿಸ್ಕ್‌ಗೆ ಹೋದ ಕಾರಿನಲ್ಲಿ ಬ್ರೇಕ್ ಹಿಡಿದುಕೊಳ್ಳಲು ಮುಖ್ಯವಾಗಿ ಎರಡು ಕಾರಣ. ಡ್ರಮ್‌ಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಒಂದು ಚೆಕ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 8ರಿಂದ 10 ಪಿ.ಎಸ್.ಐ. ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್‌ಗೆ ಇದರಿಂದ ತೊಂದರೆ ಇಲ್ಲ, ಶೂಗಳನ್ನು ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಕ್ಯಾಲಿಪರಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡ್ ಡಿಸ್ಕಿಗೆ ಒರಗಿಕೊಂಡೇ ಇರುತ್ತದೆ. ಇದಕ್ಕೆ ‘ಉಳಿಕೆ ಒತ್ತಡ’ ಅನ್ನಬಹುದು, ಬ್ಯಾಂಕಿನ ‘ಉಳಿತಾಯ’ ಬೇಡ. ಎರಡನೆಯ ಕಾರಣ, ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಕಂಬಿಯಾದ ಪುಷ್‌ರಾಡ್‌ನ ಆಟ. ಪೆಡಲ್ ಪೂರ್ತಿ ಮೇಲಿದ್ದಾಗ ರಾಡ್ ಮತ್ತು ಪಿಸ್ಟನ್ ನಡುವೆ ಸುಮಾರು 1 ಮಿ.ಮೀ. ಆಟ ಇಲ್ಲದಿದ್ದರೆ ದ್ರವ ತನ್ನ ಸಂಗ್ರಹದ ಡಬ್ಬಿಗೆ ವಾಪಸಾಗುವ ಸಣ್ಣ ತೂತು ತೆರೆಯುವುದಿಲ್ಲ. ಬಿಸಿಗೆ ದ್ರವ ಹಿಗ್ಗಿದಷ್ಟೂ ಬ್ರೇಕ್ ತಾನಾಗಿ ಬಿಗಿಯುತ್ತ ಹೋಗುತ್ತದೆ.

ಪತ್ತೆ ಮಾಡುವ ವಿಧಾನ: ಹಿಡಿದುಕೊಂಡ ಚಕ್ರವನ್ನು ಎತ್ತಿ ನಿಪ್ಪಲ್ ಸಡಿಲಿಸಿ. ಆಗಲೂ ಚಕ್ರ ಬಿಡದಿದ್ದರೆ ಪಿಸ್ಟನ್ ಕಚ್ಚಿಕೊಂಡಿದೆ. ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಮತ್ತೆ ಪೆಡಲ್ ಒತ್ತಿ ಬಿಟ್ಟು, ಈ ಸಲ ಚಕ್ರದ ಬಳಿಯ ರಬ್ಬರ್ ಹೋಸ್‌ನ ಮೇಲ್ತುದಿಯ ಜಾಯಿಂಟ್ ಸಡಿಲಿಸಿ. ಚಕ್ರ ಬಿಡದಿದ್ದರೆ ಹೋಸ್ ಒಳಗೆ ಊದಿ ಮುಚ್ಚಿದೆ. ಬಿಟ್ಟರೆ ಅಲ್ಲಿಂದ ಮೇಲಕ್ಕೆ, ಮಾಸ್ಟರ್ ಸಿಲಿಂಡರಿನ ಕಡೆ ಹುಡುಕಿ. ಕಾರು ಸ್ಟ್ಯಾಂಡ್ ಮೇಲಿರಲಿ, ಬರೀ ಜಾಕ್ ಮೇಲೆ ಬೇಡ.

‘ಬ್ರೇಕ್ ಆಯಿಲ್’ ವಿಷಯದಲ್ಲಿ ನಾನು ಗ್ಯಾರೇಜಿನ ಪಕ್ಷದವನಲ್ಲ. ಅಂಗಡಿಯಲ್ಲಿ ಹಾಗೆ ಕೇಳಿದರೇ ಸಿಗುವುದು, ನಿಜ. ಆದರೆ ಡಾಟ್ 3, ಡಾಟ್ 4 ಎಂಬ ದರ್ಜೆಗಳ ಡಬ್ಬಿಯಲ್ಲಿರುವುದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ‘ಆಯಿಲ್’ ಎಂಬ ಮಾತನ್ನು ನಂಬಿ ಇಂಜಿನ್ ಆಯಿಲ್ಲೋ ಪವರ್ ಸ್ಟಿಯರಿಂಗ್ ಆಯಿಲ್ಲೋ ಸುರಿದರೆ ರಬ್ಬರ್ ಕಪ್‌ಗಳು ಉಬ್ಬಿ, ಮೇಲೆ ಹೇಳಿದ ಸಣ್ಣ ತೂತನ್ನು ಮುಚ್ಚಿ, ಎಲ್ಲ ಬ್ರೇಕೂ ಹಿಡಿದುಕೊಳ್ಳುತ್ತವೆ. ತೊಳೆದರೆ ಹೋಗುವುದಿಲ್ಲ, ಮಾಸ್ಟರ್, ವೀಲ್ ಸಿಲಿಂಡರ್, ಕ್ಯಾಲಿಪರಿನ ರಬ್ಬರ್, ಹೋಸ್ ಎಲ್ಲ ಬದಲಾಯಿಸಬೇಕು. ಆದ್ದರಿಂದ ಮೊದಲ ಸಲ ‘ಬ್ರೇಕ್ ದ್ರವ, ಅಂಗಡಿಯವರ ಮಾತಿನಲ್ಲಿ ಬ್ರೇಕ್ ಆಯಿಲ್’ ಎಂದು ಬರೆದು, ಮುಂದೆ ‘ದ್ರವ’ ಎಂದೇ ನಡೆಸಿ. ಅದು ಬಣ್ಣವನ್ನೂ ತಿನ್ನುತ್ತದೆ. ಮಡ್‌ಗಾರ್ಡ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ, ‘ದ್ರವ’ದ ಬಗ್ಗೆ ಅರೆ ಒಪ್ಪಿಗೆ. ‘ದ್ರವ’ ಎಂದರೆ ನೀರೂ ದ್ರವವೇ. ಹೆಸರು ಯಾವುದಾದರೂ ಇರಲಿ, ಡಾಟ್ ಸಂಖ್ಯೆ ಜೊತೆಗಿರಲಿ.

‘ಮಸುಕಾಗು’ವಿಗೆ ನನ್ನ ಸಲಹೆ ‘ಕಾದು ಸೋಲು’. ಚಾರ್ಮಾಡಿ, ಶಿರಾಡಿ ಇಳಿಯುವ ಚಾಲಕರು ‘ಬ್ರೇಕ್ ಕಾದೋಯ್ತು’ ಅನ್ನುತ್ತಾರೆ, ಆ ಮಾತಿನಲ್ಲಿ ಕಾರಣವೂ ಸೇರಿದೆ. ಆದರೆ ಕಾದು ಸೋಲುವುದು ಎರಡು ಬಗೆ, ಕೈಪಿಡಿ ಇವನ್ನು ಬೇರೆ ಮಾಡಲೇಬೇಕು. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಶೂ ಮೇಲಿನ ಲೈನರ್ ಅಥವಾ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದರೆ ದ್ರವ ಕುದಿದು ಆವಿಯ ಗುಳ್ಳೆ ಬಂದಿದೆ. ಮೊದಲನೆಯದಕ್ಕೆ ಡಿಸ್ಕ್ ಒಳ್ಳೆಯ ಮದ್ದು, ಬಯಲಿನಲ್ಲಿರುವುದರಿಂದ ಬೇಗ ತಣಿಯುತ್ತದೆ. ಎರಡನೆಯದಕ್ಕೆ ಡಿಸ್ಕ್ ಹಾಕಿಯೂ ಪ್ರಯೋಜನವಿಲ್ಲ, ಹಳೆಯ ದ್ರವ ಉಳಿಸಿಕೊಂಡಿದ್ದರೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಮಾತು ಡಿಸ್ಕ್ ಬಂದ ಮೇಲೂ ಬದಲಾಗಿಲ್ಲ.

‘ಗಟ್ಟಿ ಪೆಡಲ್’ ಎಂಬುದಕ್ಕೂ ಎರಡು ಮುಖ. ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಗಬೇಕು. ಆದರೆ ಡಿಸ್ಕ್ ಹಾಕಿ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಹಾಕದಿದ್ದರೂ ಪೆಡಲ್ ಗಟ್ಟಿ. ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನೊಳಗೆ ಎಳೆದುಕೊಂಡು ಕಾಲಿಗೆ ನೆರವಾಗುತ್ತದೆ, ಡಿಸ್ಕಿನಲ್ಲಿ ಆ ನೆರವಿಲ್ಲ. ಹಾಗಾಗಿ ಮೊದಲನೆಯದನ್ನು ‘ಗಟ್ಟಿ’, ಎರಡನೆಯದನ್ನು ‘ಭಾರ’ ಎಂದು ಬೇರೆ ಮಾಡಿದರೆ ಒಳ್ಳೆಯದು. ಬೂಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗೆ ಜಾರಬೇಕು.

‘ಹಾಸಿಗೆ ಹಾಸಿ’ಗೆ ಗ್ಯಾರೇಜಿನಲ್ಲಿ ‘ಪ್ಯಾಡ್ ಸೆಟ್ ಆಗ್ಬೇಕು’ ಅನ್ನುತ್ತಾರೆ. ಬಾಗಿಲು ಚೌಕಟ್ಟಿಗೆ ಕೂರುವ ಅರ್ಥದಲ್ಲಿ ‘ಪ್ಯಾಡ್ ಕೂರಿಸುವುದು’ ಎಂದೂ ಬರೆಯಬಹುದು. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ ಸುಮಾರು ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿಯಬಾರದು; ಕಾದ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಒಂದೇ ಕಡೆ ಕೂತು ಪೆಡಲ್ ಅದುರತೊಡಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ಹಿಡಿ, ಹಿಡಿದುಕೊ ಎರಡನ್ನೂ ಪದಪಟ್ಟಿಯ ತಲೆಯಲ್ಲೇ ಹಾಕಿದ್ದೇನೆ. ಇನ್ನೆರಡು ಉಳಿದಿವೆ. ಪೈಪ್ ತುದಿಯ ‘ಫ್ಲೇರ್’ಗೆ ಕರಡಿನಲ್ಲಿ ‘ಜ್ವಾಲೆ’ ಎಂದಿದೆ. ಮತ್ತೆ, ಡಾಟ್ ಡಬ್ಬಿಯ ಕುದಿಬಿಂದುವಿಗೆ ‘ಶುಷ್ಕ’, ‘ಆರ್ದ್ರ’ ಎಂದು ಎರಡು ಸಂಖ್ಯೆ ಕೊಟ್ಟಿದ್ದಾರೆ. ದ್ರವ ಶುಷ್ಕವಾಗಿರುವುದು ಹೇಗೆ?

ಉತ್ತರ 1 ಬರೆದವರಿಂದ

ಜ್ವಾಲೆ ಬೇಡ ಸರ್, ಬ್ರೇಕ್ ಪೈಪಿನ ಹತ್ತಿರ ಮೊದಲೇ ಬೇಡ. ‘ಪೈಪಿನ ಬಾಯಿ ಅರಳಿಸುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅರಳಿಸಿದ್ದು ಎರಡು ಮಡಿಕೆಯದೋ ಗುಂಡು ತುದಿಯದೋ ಎಂದು ಹೇಳಿ. ಒಂದಕ್ಕೆ ಮಾಡಿದ ಗುಂಡಿಯಲ್ಲಿ ಇನ್ನೊಂದು ಕೂರದೆ ಸೋರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ನಟ್ಟಿನ ಥ್ರೆಡ್. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಇಂಚಿನ ಥ್ರೆಡ್, ಈಚಿನ ಕ್ಯಾಲಿಪರ್, ಹೋಸ್‌ಗಳಲ್ಲಿ ಹೆಚ್ಚಾಗಿ ಮೆಟ್ರಿಕ್. 3/8 ಇಂಚಿನ, ಇಂಚಿಗೆ 24 ಸುತ್ತಿನ ನಟ್ಟು 9.5 ಮಿ.ಮೀ. ದಪ್ಪ, ಎಂ10 ತೂತು 10 ಮಿ.ಮೀ., ಸುತ್ತಿನ ಅಂತರ 1 ಮಿ.ಮೀ. ಎರಡೂ ಎಷ್ಟು ಹತ್ತಿರವೆಂದರೆ ಸಣ್ಣದು ದೊಡ್ಡದರೊಳಗೆ ಬೆರಳಲ್ಲೇ ತಿರುಗಿ ಹೋಗುತ್ತದೆ. ಸೋರದೆಯೂ ಇರಬಹುದು, ಗಟ್ಟಿಯಾಗಿ ಬ್ರೇಕ್ ತುಳಿದ ದಿನ ಕಿತ್ತುಬರುತ್ತದೆ. ಆದ್ದರಿಂದ ‘ನಟ್ಟು ಹಿಡಿಯಿತು’ ಎಂಬ ಮಾತನ್ನು ಇಲ್ಲಿ ಬಳಸಬೇಡಿ. ‘ಥ್ರೆಡ್ ಗೇಜಿನಿಂದ ಅಳೆಯಿರಿ’ ಎಂದೇ ಬರೆಯಿರಿ.

‘ಶುಷ್ಕ’, ‘ಆರ್ದ್ರ’ಕ್ಕೆ ಬದಲು ‘ನೀರು ಹೀರದ ದ್ರವ’, ‘ನೀರು ಹೀರಿದ ದ್ರವ’ ಎನ್ನಿ. ಗ್ಲೈಕಾಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು, ಸುಮಾರು 3.7% ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ತೆರೆದು ಮೂಲೆಯಲ್ಲಿಟ್ಟ ಅರ್ಧ ಡಬ್ಬಿಯನ್ನು ಮುಂದಿನ ವರ್ಷ ಸುರಿಯಬಾರದು, ಕಾರಿನೊಳಗಿನದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸಿಲಿಕೋನಿನ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ. ಡಾಟ್ 5.1 ಮತ್ತೆ ಗ್ಲೈಕಾಲ್, ಬೆರೆಯುತ್ತದೆ. ಅಚ್ಚಿನಲ್ಲಿ ಆ ‘.1’ ಬಿಟ್ಟುಹೋಗದಂತೆ ಕರಡು ತಿದ್ದುವವರಿಗೆ ಹೇಳಿಡಿ.